ಬಸವನಗುಡಿಯ ರೈತನ ಮಗಳು

ಪಶುವೈದ್ಯ ಕಾಲೇಜಿಗೆ ಅರ್ಜಿ ಹಾಕುತ್ತೇನೆ ಎಂದು ನಾನು ಹೇಳಿದಾಗ ದೊಡ್ಡಪ್ಪ ಕಾಫಿ ಲೋಟವನ್ನು ಕೆಳಗಿಟ್ಟು ನನ್ನನ್ನಲ್ಲ, ಅಪ್ಪನನ್ನು ನೋಡಿದರು. ತೊಂಬತ್ತರ ದಶಕದ ನಡುವಿನ ಮಾತು, ನನ್ನ ಪಿಯುಸಿ ಆಗಷ್ಟೇ ಮುಗಿದಿತ್ತು. ಬಸವನಗುಡಿಯ ಮನೆಯಲ್ಲಿ ಇದ್ದವರು ಅಪ್ಪ, ಅಮ್ಮ, ನಾನು. ಆದರೆ ನಮ್ಮಲ್ಲಿ ಯಾರು ಏನು ಓದಬೇಕು ಎಂದು ತೀರ್ಮಾನಿಸುತ್ತಿದ್ದವರು ಎರಡು ಬೀದಿ ಆಚೆಗಿದ್ದ ದೊಡ್ಡಪ್ಪ. ಅಪ್ಪ ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ತರಗತಿಯಲ್ಲಿ ಹುಡುಗರನ್ನು ನಡುಗಿಸುತ್ತಿದ್ದ ಮನುಷ್ಯ ಅಣ್ಣನ ಮುಂದೆ ಕುಳಿತರೆ ಕರವಸ್ತ್ರ ಮಡಿಸುತ್ತಿದ್ದರು.

"ದನದ ಡಾಕ್ಟ್ರಾ?" ಎಂದರು ದೊಡ್ಡಪ್ಪ. "ನಾಳೆ ಇವಳ ಮದುವೆ ಇನ್ವಿಟೇಷನ್ನಲ್ಲಿ ಏನಂತ ಹಾಕ್ಸೋದು?"

ಅವರ ಮಟ್ಟಿಗೆ ಓದು ಇದ್ದದ್ದೇ ಅದಕ್ಕೆ. ನನಗೆ ಬೇಕಾದದ್ದು ಬೇರೆ. ಶ್ರೀರಾಂಪುರದಲ್ಲಿದ್ದ ಸೋದರತ್ತೆಯ ಮನೆಯ ಹಿಂದೆ ಹಾಲಿನವರ ಕೊಟ್ಟಿಗೆ ಇತ್ತು. ಒಮ್ಮೆ ಅಲ್ಲಿ ಕರು ಅಡ್ಡ ತಿರುಗಿ ಸಿಕ್ಕಿಕೊಂಡು ಎಮ್ಮೆ ಒದ್ದಾಡುತ್ತಿದ್ದಾಗ, ಸ್ಕೂಟರಿನಲ್ಲಿ ಬಂದ ಡಾಕ್ಟರಮ್ಮ ಒಬ್ಬರು ಭುಜದವರೆಗೆ ಕೈ ಹಾಕಿ, ಕರುವನ್ನು ಸರಿಮಾಡಿ ಎಳೆದರು. ಆಮೇಲೆ ನಲ್ಲಿಯಲ್ಲಿ ಕೈ ತೊಳೆದುಕೊಂಡು ಟೀ ಕುಡಿದರು. ನಮ್ಮ ವಂಶದಲ್ಲಿ ಯಾರೂ ಯಾರಿಗೂ ಅಷ್ಟು ಉಪಯೋಗಕ್ಕೆ ಬಂದದ್ದನ್ನು ನಾನು ನೋಡಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ದೊಡ್ಡಪ್ಪ ಯಾವುದೋ ಹೋಟೆಲಿನಲ್ಲಿ ನಡೆದ ವಿದೇಶಿ ಕಾಲೇಜುಗಳ ಮೇಳಕ್ಕೆ ಹೋಗಿ ಒಂದು ಹೊಳೆಯುವ ಪುಸ್ತಿಕೆ ತಂದರು. ಪಶುವೈದ್ಯದ ಜೊತೆಗೇ ಎಂಬಿಎ, ಬೇಡವೆಂದರೆ ಪಿಎಚ್‌ಡಿ, ಎರಡು ಡಿಗ್ರಿ ಒಟ್ಟಿಗೆ ಎಂದು ಅದರಲ್ಲಿತ್ತು.

"ಕಂಬೈನ್ಡ್ ಡಿಗ್ರಿ ಅಂತಾರೆ ಇದಕ್ಕೆ," ಎಂದರು. "ನೀನು ಇಲ್ಲೇ ಸೇರ್ಕೋ, ಜೊತೆಗೇ ಕರೆಸ್ಪಾಂಡೆನ್ಸಲ್ಲಿ ಎಂಬಿಎ ಕಟ್ಬಿಡು. ಹೆಸರಿಗೆ ಡಾಕ್ಟ್ರೂ ಆಗುತ್ತೆ, ದನ ಮುಟ್ಟೋದೂ ತಪ್ಪುತ್ತೆ."

ಒಂದು ಡಿಗ್ರಿ ಮುಗಿಯದೆ ಎಂಬಿಎಗೆ ಸೇರಿಸಿಕೊಳ್ಳುವುದಿಲ್ಲ ಎಂದೆ. "ಅದೆಲ್ಲ ಆಮೇಲೆ ನೋಡ್ಕೊಳ್ಳೋಣ," ಎಂದರು. ಇಡ್ಲಿಯ ಜೊತೆ ವಡೆ ಹೇಳಿದಷ್ಟು ಸಲೀಸು ಅವರಿಗೆ. ಅಪ್ಪ ಕರವಸ್ತ್ರ ಮಡಿಸಿದರು.

ಸಿಇಟಿಯಲ್ಲಿ ನನ್ನ ರ‍್ಯಾಂಕು ಸಾಲಲಿಲ್ಲ. ಉಳಿದದ್ದು ರೈತರ ಮಕ್ಕಳಿಗೆಂದು ಇದ್ದ ಕೋಟಾ. ಅದಕ್ಕೆ ಜಮೀನಿನ ಪತ್ರ ಬೇಕು. ಒಂದು ಪ್ರಾಯೋಗಿಕ ಪರೀಕ್ಷೆಯೂ ಇತ್ತು: ಬೀಜ, ಮೇವು, ಸಲಕರಣೆಗಳನ್ನು ಮುಂದಿಟ್ಟು ಇದೇನು ಎಂದು ಕೇಳುತ್ತಿದ್ದರು. ಮಾಗಡಿ ಕಡೆ ಅಪ್ಪನ ಹೆಸರಿನಲ್ಲಿ ಎರಡೆಕರೆ ಹೊಲ ಇತ್ತು. ಅದು ಯಾವ ದಿಕ್ಕಿಗಿದೆ ಎಂಬುದೂ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಾಲಿಗೆ ಉಳುತ್ತಿದ್ದ ಹಿರಿಯರೊಬ್ಬರು ಪ್ರತಿ ಸಂಕ್ರಾಂತಿಗೆ ನಮ್ಮ ಪಾಲೆಂದು ಒಂದು ಚೀಲ ತೊಗರಿಬೇಳೆ ತಂದುಕೊಟ್ಟು, ಕಾಫಿ ಕುಡಿದು ಹೋಗುತ್ತಿದ್ದರು. ಹೊಲದಿಂದ ಬಂದದ್ದನ್ನು ಹಾಗೇ ತಂದರೆ ಮನೆಯೆಲ್ಲ ಧೂಳು, ಅಕ್ಕಿಪೇಟೆಯ ಅಂಗಡಿಗೆ ಹಾಕಿ ಬೇಳೆ ಮಾಡಿಸಿಕೊಂಡೇ ಬರಬೇಕು ಎಂದು ದೊಡ್ಡಪ್ಪ ಅಪ್ಪಣೆ ಮಾಡಿದ್ದರಂತೆ. ಈಗ ಪಹಣಿ ಬೇಕೆಂದು ಹೇಳಿ ಕಳಿಸಿದಾಗ ಅದನ್ನೂ ಆ ಹಿರಿಯರೇ ತಂದುಕೊಟ್ಟರು. ಅಷ್ಟಕ್ಕೆ ನಾವು ರೈತರಾದೆವು.

ಪರೀಕ್ಷೆಗೆ ನಾಲ್ಕು ದಿನ ಇತ್ತು. ಬೇರೆ ಯಾರೇ ಆಗಿದ್ದರೂ ಮಾಗಡಿ ಬಸ್ಸು ಹತ್ತುತ್ತಿದ್ದರು. ದೊಡ್ಡಪ್ಪ ನನಗೆ ಬೇಸಾಯ ಕಲಿಸುವುದಕ್ಕೆ ಅಕ್ಕಿಪೇಟೆಗೆ ಆಟೋ ಹಿಡಿದರು.

ಅಂಗಡಿಯವರು ಸಣ್ಣ ಸಣ್ಣ ತಟ್ಟೆಗಳಲ್ಲಿ ತೊಗರಿ, ಕಡಲೆ, ಹೆಸರು, ಉದ್ದು ಎಲ್ಲದರ ಬೇಳೆಯನ್ನೂ ಜೋಡಿಸಿದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. "ಸಿಪ್ಪೆ ಇರೋ ಇಡೀ ಕಾಳೂ ತೋರಿಸ್ಲಾ ಸಾರ್?" ಎಂದು ಅವರು ಕೇಳಿದರು, ಪಾಪ.

"ಬೇಡ ಬೇಡ, ಕ್ಲೀನಾಗಿರೋದನ್ನೇ ತೋರ್ಸಿ," ಎಂದರು ದೊಡ್ಡಪ್ಪ, ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತ. ನಾನೂ ನೋಟ್‌ಬುಕ್ಕು ಮುಚ್ಚಿದೆ. ನನಗೂ ಸೆಕೆಯಾಗುತ್ತಿತ್ತು, ಮನೆಗೆ ಹೋದರೆ ಸಾಕಾಗಿತ್ತು.

ಪರೀಕ್ಷೆಯ ಕೋಣೆಯಲ್ಲಿ ಉದ್ದನೆಯ ಮೇಜು. ಕುಂಟೆ ನೋಡಿ ನೇಗಿಲು ಎಂದೆ. ಜೋಳದ ದಂಟು ನೋಡಿ ಕಬ್ಬು ಎಂದೆ. ಕೊನೆಯ ತಟ್ಟೆಯಲ್ಲಿ ಕಂದು ಬಣ್ಣದ ಗುಂಡನೆಯ ಕಾಳು ಇತ್ತು. ಎಷ್ಟು ನೋಡಿದರೂ ಹೊಳೆಯಲಿಲ್ಲ. ಪರೀಕ್ಷಕರು ಒಳ್ಳೆಯವರು, ಸಹಾಯ ಮಾಡೋಣವೆಂದು ಕೇಳಿದರು: "ನಿಮ್ಮ ಜಮೀನಲ್ಲಿ ಏನ್ ಹಾಕ್ತೀರಮ್ಮ?"

"ತೊಗರಿಬೇಳೆ, ಸಾರ್," ಎಂದೆ, ಧೈರ್ಯವಾಗಿ.

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ತಟ್ಟೆಯನ್ನು ನನ್ನ ಹತ್ತಿರ ಸರಿಸಿ, "ಇದೇ ತೊಗರಿ ಕಣಮ್ಮ. ಇದನ್ನ ಒಡೆದ್ರೆ ಬೇಳೆ," ಎಂದು ಮೆಲ್ಲಗೆ ಹೇಳಿ ಹಾಳೆಯ ಮೇಲೆ ಏನೋ ಬರೆದುಕೊಂಡರು.

ಸೀಟು ಸಿಗಲಿಲ್ಲ. "ಬೇಕೂಂತ್ಲೇ ಟ್ರಿಕ್ಕಿ ಕ್ವೆಶ್ಚನ್ ಕೇಳಿದಾರೆ," ಎಂದು ದೊಡ್ಡಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ನಾನು ಬಿಎಸ್ಸಿಗೆ ಸೇರಿದೆ, ಮುಂದೆ ಕರೆಸ್ಪಾಂಡೆನ್ಸಿನಲ್ಲಿ ಎಂಬಿಎ ಕೂಡ ಕಟ್ಟಿದೆ. ಅವರ ಕಂಬೈನ್ಡ್ ಡಿಗ್ರಿಯಲ್ಲಿ ದನವಿಲ್ಲದ ಅರ್ಧ ನನಗೆ ದಕ್ಕಿತು. ಮದುವೆಯ ಆಹ್ವಾನಪತ್ರಿಕೆಯಲ್ಲಿ ಅದನ್ನು ದಪ್ಪಕ್ಷರದಲ್ಲಿ ಹಾಕಿಸಿದವರೂ ಅವರೇ. ಎಷ್ಟೋ ವರ್ಷ ನಾನು ಈ ಕಥೆಯನ್ನು ದೊಡ್ಡಪ್ಪನನ್ನು ಆಡಿಕೊಳ್ಳುವುದಕ್ಕೆಂದೇ ಹೇಳುತ್ತಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆದರೆ ಪ್ರತಿ ಸಲವೂ ತೊಗರಿಯ ತಟ್ಟೆಗೇ ನಿಲ್ಲಿಸುತ್ತಿದ್ದೆ.

ಆ ಪರೀಕ್ಷೆ ಮುಗಿದ ಮೇಲಿನ ಸಂಕ್ರಾಂತಿಗೆ ಆ ಹಿರಿಯರು ಎಂದಿನಂತೆ ಬಂದರು. ದೊಡ್ಡಪ್ಪನೂ ನಮ್ಮ ಮನೆಯಲ್ಲೇ ಇದ್ದರು. ಕಾಫಿ ಕೊಟ್ಟವಳು ನಾನು.

"ಸೀಟು ಸಿಕ್ತಾ ಅವ್ವ?" ಎಂದು ಕೇಳಿದರು.

ಇಲ್ಲ ಎಂದೆ.

"ನನ್ ಮಗಳಿಗೂ ಅದೇ ಆಸೆ ಇತ್ತು. ದನ ಕರ ಅಂದ್ರೆ ಪ್ರಾಣ ಅವಳ್ಗೆ. ನಿಮ್ ಪಹಣಿ ತರಕ್ಕೋದ ದಿನಾನೇ ನಮ್ದೂ ಒಂದು ರೈತ್ರ ಪತ್ರ ಕೊಡಿ ಅಂತ ಆಫೀಸಲ್ಲಿ ಕೇಳ್ದೆ. ನಿನ್ನೆಸ್ರಲ್ಲಿ ಜಮೀನೆಲ್ಲೈತೆ, ನೀನೆಂಗೆ ರೈತ ಅಂದ್ರು." ದೂರಿನ ದನಿಯೇ ಇರಲಿಲ್ಲ. ಬಸ್ಸು ತಡವಾಯಿತು ಎನ್ನುವ ಹಾಗೆ ಹೇಳಿ ಲೋಟ ಕೆಳಗಿಟ್ಟರು.

"ಅಯ್ಯೋ ಪಾಪ," ಎಂದರು ದೊಡ್ಡಪ್ಪ. "ಬೇಳೆ ಈ ಸಲ ಚೆನ್ನಾಗಿ ಬೇಯುತ್ತೆ ತಾನೆ?"

ಆಗ ಅವರ ಮೇಲೆ ನನಗೆ ಬಂದಷ್ಟು ಅಸಹ್ಯ ಮತ್ತೆ ಯಾರ ಮೇಲೂ ಬಂದಿಲ್ಲ. ಆದರೆ ಅಪ್ಪನ ಹಾಗೆ ತಲೆ ತಗ್ಗಿಸಿಕೊಂಡು, ಬೇಳೆಯ ಚೀಲವನ್ನು ಎತ್ತಿ ಒಳಗೆ ತಂದಿಟ್ಟವಳು ನಾನೇ.