ಸಬೀನಾಳ ಬಾಯಿಗೆ ಬಾರದ ಮಾತು

ಆ ಶನಿವಾರ ಬೆಳಿಗ್ಗೆ ಸಬೀನಾ ಯಾರಂಗಾಳಿಗೆ ತಿಂಡಿ ಸೇರಲಿಲ್ಲ. ಗಾಡಿಯವಳ ಹತ್ತಿರ ಕೊಂಡ ಬಿಸಿ ಕಿನ್ವಾ ಗಂಜಿ ಕೈಯಲ್ಲೇ ಆರಿತು. ಗೆಣಸಿಟ್ಟ ಬ್ರೆಡ್ಡನ್ನು ಒಂದು ಸಲ ಕಚ್ಚಿದಳು, ಅಷ್ಟೆ. ಸ್ವಯಂಸೇವಕರ ಪರೀಕ್ಷೆಯಲ್ಲಿ ಎರಡು ಸಲ ಫೇಲಾದವಳಿಗೆ ಇದು ಮೂರನೆಯದು, ಕೊನೆಯದು. ಇದರಲ್ಲೂ ಎಡವಿದರೆ ಕೊರಳಲ್ಲಿದ್ದ ಹೆಸರಿನ ಕಾರ್ಡು ವಾಪಸು. ಇಡೀ ಖಂಡದ ಆಟಗಾರರು ಊರಿಗೆ ಬಂದಿಳಿಯುವ ದಿನ ಅವಳು ಮನೆಯಲ್ಲಿ ಕೂತು ಟಿವಿ ನೋಡಬೇಕು.

ಫೇಲಾದದ್ದಾದರೂ ಎಂಥದ್ದರಲ್ಲಿ? ‘ನನಗೆ ಗೊತ್ತಿಲ್ಲ’ ಎಂದು ಹೇಳಲು ಬಾರದೆ!

ಬರುವುದಾದರೂ ಹೇಗೆ, ಹೇಳಿ. ಇಪ್ಪತ್ನಾಲ್ಕು ವರ್ಷ ಲಿಮಾ ನಗರದ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಕಂಡಕ್ಟರ್ ಕೆಲಸ ಮಾಡಿದ ಹೆಂಗಸು. “ದೊಡ್ಡಾಸ್ಪತ್ರೆಗೆ ಹೋಗುತ್ತಾ?” “ಹೋಗುತ್ತೆ, ಹತ್ತಿ ಹತ್ತಿ!” “ಬಂದರಿಗೆ?” “ಅಲ್ಲಿಗೂ ಹೋಗುತ್ತೆ, ಹಿಂದೆ ಜಾಗ ಇದೆ, ಹತ್ತಿ!” ಬಸ್ಸು ಹೋಗುವುದು ಬಿಡುವುದು ಆಮೇಲಿನ ಮಾತು. ಇಲ್ಲ ಎಂದರೆ ಹಿಂದಿನ ಬಸ್ಸಿನವನು ಎತ್ತಿಕೊಂಡು ಹೋಗುತ್ತಾನಲ್ಲ! ಇದಕ್ಕಾಗಿ ಬೈಸಿಕೊಂಡಿದ್ದಾಳೆ, ಒಬ್ಬಾಕೆಯ ಕೈಚೀಲದಿಂದ ಹೊಡೆಸಿಕೊಂಡೂ ಇದ್ದಾಳೆ. ಕೊನೆಗೆ ಕಾರ್ಡು ಉಜ್ಜಿ ಹತ್ತುವ ಹೊಸ ಬಸ್ಸುಗಳು ಬಂದವು, ಕಂಡಕ್ಟರೇ ಬೇಡವಾದ. ಸಬೀನಾ ಮನೆ ಸೇರಿದಳು.

ಅಷ್ಟರಲ್ಲಿ ಕ್ರೀಡಾಕೂಟ ಬಂತು. ಅದೂ ಎಲ್ಲಿಗೆ? ಲಿಮಾದ ಅಂಚಿನ ವಿಯಾ ಎಲ್ ಸಾಲ್ವದೋರ್‌ಗೆ, ಅವಳ ಅಪ್ಪ ಅಮ್ಮ ಬರೀ ಮರಳಿನ ಮೇಲೆ ಚಾಪೆಯ ಗೋಡೆ ಕಟ್ಟಿ ನೆಲೆನಿಂತ ಊರಿಗೆ! ಸ್ವಯಂಸೇವಕರು ಬೇಕೆಂದು ಗೊತ್ತಾದ ದಿನವೇ ಸಬೀನಾ ಸಾಲಿನಲ್ಲಿ ನಿಂತಳು.

“ಸಂಬಳ ಇಲ್ವಂತಲ್ಲಮ್ಮಾ. ಒಂದು ಜಾಕೆಟ್ಟು, ಒಂದು ಹೊತ್ತಿನ ಊಟ, ಅಷ್ಟಕ್ಕೆ ಈ ವಯಸ್ಸಲ್ಲಿ ಕುಣೀತೀಯಲ್ಲ” ಎಂದಳು ಮಗಳು.

“ಸುಮ್ನಿರೇ. ಇಷ್ಟು ವರ್ಷ ಬಾಗಿಲಲ್ಲಿ ನಿಂತು ಜನಾನ ಒಳಗೆ ತುರುಕಿದ್ದಾಯ್ತು. ಈಗ ನಮ್ಮೂರಿಗೆ ನೆಂಟರು ಬರ್ತಾರೆ. ಬಾಗಿಲಲ್ಲಿ ನಿಂತು ಬನ್ನಿ ಅನ್ನೋಳು ನಾನೇ ಆಗ್ಬೇಕು.”

ಆಸೆ ಅಷ್ಟೇ. ಆದರೆ ಅದನ್ನು ಇಡೀ ಓಣಿಗೆ ಡಂಗುರ ಹೊಡೆದುಬಿಟ್ಟಿದ್ದಳು, ಅದೇ ಈಗ ಕುತ್ತಿಗೆಗೆ ಬಂದಿತ್ತು.

ತರಬೇತಿ ಕೊಡುತ್ತಿದ್ದವಳು ಮಿಲಾಗ್ರೋಸ್ ಎಂಬ ಇಪ್ಪತ್ತಾರರ ಹುಡುಗಿ. ಕಲಿಯಲು ಬಂದ ಅಜ್ಜಂದಿರೂ ಅವಳನ್ನು ಮಿಸ್ ಎಂದೇ ಕರೆಯುತ್ತಿದ್ದರು. ಮೊದಲ ಪರೀಕ್ಷೆಯಲ್ಲಿ ಅವಳೇ ಪರದೇಶದವಳಂತೆ ನಟಿಸಿ, ಜೂಡೋ ಎಲ್ಲಿ ನಡೆಯುತ್ತದೆಂದು ಕೇಳಿದಳು. “ಇಲ್ಲೇ ಕಣಮ್ಮಾ, ಆ ತಿರುವು ದಾಟಿದ್ರೆ ಸಾಕು!” ಎಂದಳು ಸಬೀನಾ. ತಿರುವಿನಾಚೆ ಕಸದ ಲಾರಿಗಳು ನಿಂತಿದ್ದವು. ಎರಡನೆಯ ಸಲ ಮಿಸ್ ಈಜುಕೊಳ ಎಲ್ಲೆಂದು ಕೇಳಿದಳು. ಆ ಕ್ರೀಡಾ ಆವರಣದಲ್ಲಿ ಈಜುಕೊಳವೇ ಇರಲಿಲ್ಲ, ಮಹರಾಯ್ತಿ ಅದಕ್ಕೂ ದಾರಿ ತೋರಿಸಿದಳು!

“ಸೆನ್ಯೊರಾ ಸಬೀನಾ, ನಾಳೆ ಸಮುದ್ರಾನೂ ಇಲ್ಲಿಗೇ ತರಿಸಿಬಿಡಿ” ಎಂದು ಜೊತೆಯಲ್ಲಿ ತರಬೇತಿಗೆ ಬರುತ್ತಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಎಲೆವುತೇರಿಯೊ ಕಿಚಾಯಿಸಿದ.

ಮಿಸ್ ನಗಲಿಲ್ಲ. “ದಾರಿ ತಪ್ಪಿದ ಆಟಗಾರ್ತಿ ಐದು ನಿಮಿಷ ತಡವಾದ್ರೆ ನಾಲ್ಕು ವರ್ಷದ ಬೆವರು ಮಣ್ಣುಪಾಲು, ಸೆನ್ಯೊರಾ. ‘ಗೊತ್ತಿಲ್ಲ, ಕೇಳಿ ಬಂದು ಹೇಳ್ತೀನಿ’ ಅನ್ನಿ, ಸಾಕು. ಶನಿವಾರ ಪರೀಕ್ಷೆ ಮಾಡೋಕೆ ಯಾರನ್ನ ಕಳಿಸ್ತೀನೋ ನಾನು ಹೇಳೋದಿಲ್ಲ. ಗೇಟು ಬಿಟ್ಟು ಮಾತ್ರ ಕದಲಬೇಡಿ.”

ಹೀಗಾಗಿ ಶನಿವಾರ ಆವರಣದ ಮೂರನೇ ಗೇಟಿನಲ್ಲಿ ನಿಂತ ಸಬೀನಾಳಿಗೆ ದಾರಿಹೋಕರೆಲ್ಲ ಪರೀಕ್ಷಕರಂತೆಯೇ ಕಂಡರು. ಗೊತ್ತಿಲ್ಲ, ಗೊತ್ತಿಲ್ಲ ಎಂದು ಜಪ ಮಾಡುತ್ತಲೇ ಇದ್ದಳು.

ವಯಸ್ಸಾದವನೊಬ್ಬ ಏದುಸಿರು ಬಿಡುತ್ತ ಓಡಿಬಂದ. “ತಾಯೀ, ಇಲ್ಲಿ ಆರೋಗ್ಯ ಕೇಂದ್ರ ಎಲ್ಲಿದೆ? ನನ್ನ ಹೆಂಡ್ತಿ ಬಸ್‌ಸ್ಟಾಪಲ್ಲಿ ಬಿದ್ದುಬಿಟ್ಟಿದಾಳೆ.”

ಆರೋಗ್ಯ ಕೇಂದ್ರವೇ? ಕಣ್ಣು ಕಟ್ಟಿ ಬಿಟ್ಟರೂ ಹೋಗುತ್ತಿದ್ದಳು, ಮಗಳನ್ನು ಹೆತ್ತದ್ದೇ ಅಲ್ಲಿ. ಆದರೆ ಸಬೀನಾ ಒಳಗೊಳಗೇ ಅಂದುಕೊಂಡಳು: ಬಂತು ಪರೀಕ್ಷೆ! ಎಷ್ಟು ಚೆನ್ನಾಗಿ ನಟಿಸ್ತಾನಪ್ಪಾ ಇವನು!

“ನನಗೆ ಗೊತ್ತಿಲ್ಲ ಸೆನ್ಯೊರ್” ಎಂದಳು. ಒಂದಕ್ಷರ ತೊದಲಲಿಲ್ಲ. “ಕೇಳಿ ಬಂದು ಹೇಳ್ತೀನಿ.”

ಮುದುಕ ಅವಳ ಮುಖವನ್ನೇ ನೋಡಿದ. “ನೀನು ಸಬೀನಾ ಅಲ್ವಾ? ಬಸ್ಸಿನ ಸಬೀನಾ? ಹದಿನೈದು ವರ್ಷ ಸುರ್ಕಿಯೊ ಬಡಾವಣೆಯಿಂದ ನಿನ್ನ ಬಸ್ಸಲ್ಲೇ ಕೆಲಸಕ್ಕೆ ಹೋಗಿದೀನಲ್ಲೇ ನಾನು! ನಿನ್ನೂರಿನ ಆಸ್ಪತ್ರೆ ನಿನಗೇ ಗೊತ್ತಿಲ್ವಾ?”

ಅವನ ಗಲ್ಲ ನಡುಗುತ್ತಿತ್ತು. ಅದು ನಟನೆಯಲ್ಲ.

“ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ!” ಎಂದವಳೇ ಸಬೀನಾ ಗೇಟು ಬಿಟ್ಟು ರಸ್ತೆಗೆ ಹಾರಿದಳು. ಬಸ್ಸಿನ ಬಾಗಿಲಲ್ಲಿ ಕೂಗುತ್ತಿದ್ದ ಅದೇ ಗಂಟಲಲ್ಲಿ ಕೂಗಿ ಒಂದು ಮೂರು ಗಾಲಿಯ ಮೋಟೋವನ್ನು ನಿಲ್ಲಿಸಿದಳು. ಬಸ್‌ಸ್ಟಾಪಿನಲ್ಲಿ ಬಿದ್ದಿದ್ದ ಮುದುಕಿಯನ್ನು ಹತ್ತಿಸಿ, ತೊಡೆಯ ಮೇಲೆ ಮಲಗಿಸಿಕೊಂಡು, “ಬಲಕ್ಕೆ ಹೊಡಿಯೋ! ಶಾಲೆ ಹಿಂದ್ಗಡೆ ಹೋಗು, ಹಳ್ಳ ಇಲ್ಲ!” ಎಂದು ದಾರಿಯುದ್ದಕ್ಕೂ ಅರಚಿದಳು.

ಆರೋಗ್ಯ ಕೇಂದ್ರದವರು ಮುದುಕಿಯನ್ನು ಒಳಗೆ ಸೇರಿಸಿಕೊಂಡ ಮೇಲೆ, ಕಾರ್ಡು ಒಪ್ಪಿಸಿ ಬರೋಣವೆಂದು ಅವಳು ಗೇಟಿಗೆ ಮರಳಿದಳು. ಮಿಸ್ ಕಾಗದ ಹಿಡಿದು ಅಲ್ಲೇ ಕಾದಿದ್ದಳು.

“ಹೌದು ಮಿಸ್, ಗೇಟು ಬಿಟ್ಟು ಹೋದೆ.” ಸಬೀನಾ ಕೊರಳಿನ ಕಾರ್ಡು ತೆಗೆದು ನೀಡಿದಳು. “ಗೊತ್ತಿದ್ದೂ ಗೊತ್ತಿಲ್ಲ ಅಂದೆ. ಪಾಪ, ಆಕೆ ಅಲ್ಲಿ ನೆಲದ ಮೇಲೆ ಬಿದ್ದಿದ್ರು. ನನ್ನ ಜನ್ಮದಲ್ಲೇ ಇಷ್ಟು ನಾಚಿಕೆ ಆಗಿರ್ಲಿಲ್ಲ.”

ಮಿಸ್ ಕಾರ್ಡಿಗೆ ಕೈ ಚಾಚಲಿಲ್ಲ. “ಯಾರು? ನಾನಿನ್ನೂ ಯಾರನ್ನೂ ಕಳಿಸೇ ಇಲ್ವಲ್ಲ!” ಸಬೀನಾ ನಡೆದದ್ದನ್ನೆಲ್ಲ ಹೇಳಿದಳು. ಕೇಳಿದ ಮಿಸ್ ಮೆಲ್ಲಗೆ, “ಆಕೆ ಉಳೀತಾರಾ ಸೆನ್ಯೊರಾ?” ಎಂದಳು.

ಸಬೀನಾಳ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. ಉಳೀತಾರೆ, ಉಳೀತಾರೆ ಎಂದುಬಿಡುವುದು ಎಷ್ಟು ಸುಲಭವಿತ್ತು! ಮಾತು ನಾಲಿಗೆಯ ತುದಿಯಲ್ಲೇ ನಿಂತಿತು, ಕಣ್ಣು ತುಂಬಿ ಬಂತು.

“ಗೊತ್ತಿಲ್ಲ ಮಿಸ್. ಡಾಕ್ಟರು ಒಳಗಿದಾರೆ. ಕೇಳಿ ಬಂದು ಹೇಳ್ತೀನಿ.”

ಮಿಸ್ ಕಾಗದದಲ್ಲಿ ಅವಳ ಹೆಸರಿನ ಮುಂದೆ ಪಾಸು ಎಂದು ಬರೆದಳು. ಸಬೀನಾ ಅದನ್ನು ನೋಡಲಿಲ್ಲ. ಅವಳಾಗಲೇ ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡು ಆರೋಗ್ಯ ಕೇಂದ್ರದ ಕಡೆಗೆ ಓಡುತ್ತಿದ್ದಳು.