ಎದೆಹಾಲಿನ ಸೀಸೆಗಳ ಜೊತೆ ಮೂರು ದಿನ

ಎಪ್ಪತ್ತರ ದಶಕದ ಕೊನೆಯ ಒಂದು ಏಪ್ರಿಲ್‌ನಲ್ಲಿ, ಐಸು ತುಂಬಿದ ದೊಡ್ಡ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಯಿಂದ ಜಗಳೂರಿನ ಬೆಳಗಿನ ಬಸ್ಸಿನಲ್ಲಿ ಹೊರಟೆ. ನಾನಾಗ ಪ್ರಯೋಗಾಲಯವೊಂದರಲ್ಲಿ ಸಹಾಯಕಿ. ಇಲಿಗಳಲ್ಲಿ ಸ್ತನ ಕ್ಯಾನ್ಸರ್ ತರುವ ವೈರಸ್ಸೊಂದು ತಾಯಿಯ ಹಾಲಿನಿಂದ ಮರಿಗೆ ದಾಟುತ್ತದೆಂದು ಗೊತ್ತಿತ್ತು. ಮನುಷ್ಯರಲ್ಲೂ ಹಾಗೇನಾದರೂ ಉಂಟೇ ಎಂದು ನಮ್ಮ ಡಾಕ್ಟರು ಹುಡುಕುತ್ತಿದ್ದರು. ಹೆತ್ತ ತಾಯಿಗೆ ಆ ರೋಗ ಬಂದಿದ್ದ ಬಾಣಂತಿಯರ ಎದೆಹಾಲನ್ನು ತರುವುದು ನನ್ನ ಕೆಲಸ.

ಜಗಳೂರಿನಲ್ಲಿ ನೆಲ ಕಾದು ಚಪ್ಪಲಿ ಸುಡುತ್ತಿತ್ತು. ಸಿಕ್ಕಿದ್ದು ಒಂದೇ ಸೀಸೆ. ಮಂಡಕ್ಕಿ ತಿಂದು, ಐಸು ಕರಗಿತೇ ಎಂದು ಘಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡುತ್ತ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಚನ್ನಗಿರಿ ಸೇರಿದಾಗ ಸಂಜೆಯಾಗಿತ್ತು.

ಮರುದಿನ ಬಸವಾಪಟ್ಟಣದಲ್ಲಿ ಗಿರಿಜಮ್ಮನ ಮನೆ. ಐದು ತಿಂಗಳ ಮಗಳಿದ್ದ ಚಿಕ್ಕ ವಯಸ್ಸಿನ ಹೆಂಗಸು. ಅವಳ ತಾಯಿ ಎದೆಯ ಗಡ್ಡೆಯಿಂದ ತೀರಿಕೊಂಡಿದ್ದಳು. ಸೀಸೆ ಕೊಡುತ್ತ ಕೇಳಿದಳು, "ಇದ್ರಾಗೆ ಏನು ಹುಡುಕ್ತೀರಿ?"

ಯಾರಿಗೂ ಬಿಡಿಸಿ ಹೇಳಬೇಡ ಎಂದಿದ್ದರು ಡಾಕ್ಟರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇಲಿಗಳ ಸಂಗತಿ ಹೇಳತೊಡಗಿದೆ. ಅಷ್ಟರಲ್ಲಿ ಹೊನ್ನಾಳಿ ಬಸ್ಸು ಹಾರ್ನ್ ಹೊಡೆಯಿತು. ಮಾತನ್ನು ಅರ್ಧಕ್ಕೇ ಬಿಟ್ಟು ಓಡಿದೆ.

ಸಾಸ್ವೆಹಳ್ಳಿ ದಾಟಿದರೂ ಮನಸ್ಸು ನಿಲ್ಲಲಿಲ್ಲ. ನಾನು ಏಳುವಾಗ ಅವಳು ಮಗುವಿನ ಮುಖವನ್ನು ಎದೆಯಿಂದ ದೂರ ಸರಿಸಿದ್ದಳು. ರಾತ್ರಿ ಹೊನ್ನಾಳಿಯಲ್ಲಿ ಉಳಿದೆ. ಮೂರನೆಯ ದಿನ ನ್ಯಾಮತಿಯಲ್ಲಿ ಇನ್ನೊಬ್ಬ ತಾಯಿ ಏನೂ ಕೇಳದೆ ಹಾಲು ಕೊಟ್ಟಳು. ನಾನೂ ಏನೂ ಹೇಳಲಿಲ್ಲ. ಅದೂ ಸರಿ ಅನ್ನಿಸಲಿಲ್ಲ. ಅಲ್ಲಿಂದ ನೆಟ್ಟಗೆ ಊರಿಗೆ ಹೋಗಬೇಕಾದವಳು ಮತ್ತೆ ಬಸವಾಪಟ್ಟಣಕ್ಕೆ ಟಿಕೆಟ್ ಕೇಳಿದೆ.

ಬಾಗಿಲಲ್ಲೇ ಅವಳ ಅತ್ತೆ ತಡೆದಳು. "ಹಾಲಾಗೆ ಹುಳ ಐತೆ ಅಂದು ಹೋದ್ರಂತೆ. ನಿನ್ನೆಯಿಂದ ಎದೆಗೆ ಬಟ್ಟೆ ಬಿಗ್ದು ಕುಂತಾಳೆ. ಒಳಲೆಯಾಗೆ ಆಕಳ ಹಾಲು ಹಾಕಿದ್ರೆ ಕೂಸು ಉಗುಳ್ತೈತೆ. ಏನು ಮಾಡಾಕೆ ಬಂದ್ರಿ ಈಗ?"

"ತಪ್ಪು ನಂದೇ, ಅಮ್ಮ. ಅದನ್ನ ಹೇಳಾಕೇ ಬಂದೆ" ಎಂದೆ.

ಒಳಗೆ ಗಿರಿಜಮ್ಮ ಗೋಡೆಗೆ ಒರಗಿದ್ದಳು. ಹಾಲು ಕಟ್ಟಿ ಮೈ ಕಾದಿತ್ತು. ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ ಖಚಿತವಾಗಿಲ್ಲ, ಹಾಲು ಬಿಡಿಸಬೇಕೆಂದು ನಮ್ಮ ಡಾಕ್ಟರೂ ಹೇಳಿಲ್ಲ ಎಂದೆ.

"ಹಂಗಾರೆ ಇಲ್ಲ ಅಂತ ಗೊತ್ತೈತಾ ನಿಮಗೆ?"

"ಇಲ್ಲ. ಗೊತ್ತಿಲ್ಲ."

"ನಿಮ್ಮ ಕೂಸಾಗಿದ್ರೆ?"

"ಕುಡಿಸ್ತಿದ್ದೆ."

"ನಮ್ಮವ್ವ ನಂಗೆ ಮೂರು ವರ್ಷ ಕುಡಿಸಿದ್ಲು" ಎಂದಳು ಮೆಲ್ಲಗೆ. "ಅದನ್ನೂ ನೋಡಿ ಹೇಳಾಕೆ ಬರ್ತೈತೇನ್ರೀ?"

ಮಗುವಿಗಾಗಿಯಷ್ಟೇ ಅಲ್ಲ, ತನಗಾಗಿಯೂ ಹೆದರಿ ಕುಳಿತಿದ್ದಳೆಂದು ನನಗೆ ಹೊಳೆದದ್ದೇ ಆಗ. ಅದನ್ನು ಹೇಳಬಲ್ಲ ಪರೀಕ್ಷೆ ನಮ್ಮಲ್ಲಿಲ್ಲ ಎಂದೆ. ಯಾವತ್ತಾದರೂ ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ ಒಂದು ದಿನವೂ ತಡಮಾಡದೆ ದಾವಣಗೆರೆಗೆ ಬಾ, ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ವಿಳಾಸ ಬರೆದುಕೊಟ್ಟೆ.

ಅತ್ತೆ ಬಂದು ಬಟ್ಟೆಯ ಗಂಟು ಬಿಚ್ಚಿದಳು. ಮಗು ಒಂದೇ ಸಲಕ್ಕೆ ಬಾಯಿ ಹಾಕಿ ಗುಟುಕರಿಸತೊಡಗಿತು.

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದೆ. ಗಿರಿಜಮ್ಮನ ಒಂದು ಕೈ ಮಗಳ ತಲೆಯ ಕೆಳಗಿತ್ತು. ಇನ್ನೊಂದು ಕೈಯ ಬೆರಳುಗಳು ಸೆರಗಿನೊಳಗೆ ತನ್ನದೇ ಎದೆಯ ಮೇಲೆ, ಅಂಗುಲ ಅಂಗುಲವಾಗಿ, ತಡಕುತ್ತಿದ್ದವು.