ಮಾವ ಮಲಗಿದ್ದ ಹೊಲ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನನ್ನ ಸೋದರಮಾವನಿಗೆ ಚಿಂತೆಗಳು ಧಾರಾಳವಾಗಿಯೇ ಇದ್ದವು. ಅವನ್ನು ಪಕ್ಕದಲ್ಲಿ ಮಲಗಿಸಿಕೊಂಡು ತಾನೂ ಮಲಗುವ ವಿದ್ಯೆ ಮಾತ್ರ ಅವನಿಗೆ ಹುಟ್ಟಿನಿಂದ ಬಂದದ್ದು. ಬೆಳಗಿನಿಂದ ಹೊಲದಲ್ಲಿ ಎತ್ತಿಗೆ ಸಮನಾಗಿ ದುಡಿಯುತ್ತಿದ್ದ. ಮಧ್ಯಾಹ್ನ ಉಂಡು ಬಾವಿಯ ಪಕ್ಕದ ಅತ್ತಿಮರದ ಕೆಳಗೆ ಚಾಪೆ ಬಿಚ್ಚಿದನೆಂದರೆ ಮುಗಿಯಿತು, ಆಮೇಲೆ ಅವನು ಈ ಲೋಕದ ಬಾಬತ್ತಲ್ಲ. ಅತ್ತೆಯನ್ನು ನೋಡಲು ಮೊದಲ ಸಲ ಅವರ ಮನೆಗೆ ಹೋದಾಗ ಗೋಡೆಗೆ ಒರಗಿದವನು ಹಾಗೇ ನಿದ್ದೆ ಹೋಗಿದ್ದನಂತೆ. 'ಹುಡುಗನಿಗೆ ಎಂಥಾ ಸಂಕೋಚ ನೋಡಿ, ತಲೆ ಎತ್ತಲೇ ಇಲ್ಲ' ಎಂದು ಅತ್ತೆಯ ತಂದೆ ಮೆಚ್ಚಿಕೊಂಡು ಒಪ್ಪಿಬಿಟ್ಟರು. ಸತ್ಯ ಗೊತ್ತಾಗುವ ಹೊತ್ತಿಗೆ ಅತ್ತೆ ಮಾವನ ಮನೆಯ ಸೊಸೆಯಾಗಿ ಒಲೆಯ ಮುಂದೆ ಕೂತಾಗಿತ್ತು.

ಚಾಪೆ ಮಾವ ಎಂದೇ ಊರೆಲ್ಲ ಅವನನ್ನು ಕರೆಯುತ್ತಿತ್ತು. ಅವನು ಮಲಗುತ್ತಿದ್ದದ್ದು ಸುಮ್ಮನೆ ಅಲ್ಲ. ಅವನ ಕನಸಿಗೆ ಹೊಲ ಬರುತ್ತಿತ್ತು. ಬೇರೆಯವರ ಕನಸಿನಲ್ಲಿ ಹೆಂಗಸರು ಬರುತ್ತಾರೆ, ಹಾವು ಬರುತ್ತದೆ, ಸತ್ತ ಅಜ್ಜಿ ಬಂದು ಬೈಯುತ್ತಾಳೆ; ಇವನ ಕನಸಿನಲ್ಲಿ ಹೊಲ ಮಗ್ಗುಲು ಬದಲಿಸುತ್ತಿತ್ತು, ಬಾವಿ ಎದ್ದು ಮನೆಯ ಹತ್ತಿರ ಬಂದು ಕೂರುತ್ತಿತ್ತು. ಎದ್ದವನು ಕಣ್ಣುಜ್ಜುತ್ತ, "ಕೆಳಗಿನ ಪಟ್ಟಿಗೆ ಬಾಯಾರಿಕೆ ಆಗಿದೆಯಂತೆ ಕಣೇ" ಅನ್ನುತ್ತಿದ್ದ.

"ನಿಮಗೆ ಹೇಳೋ ಬದಲು ನನಗೆ ಹೇಳಿದ್ರೆ ಅದಕ್ಕೆ ಆಗ್ಲೇ ನೀರು ಸಿಕ್ಕಿರೋದು" ಅನ್ನುತ್ತಿದ್ದಳು ಅತ್ತೆ, ಕೆಳಗಿನ ಪಟ್ಟಿಗೆ ಆಗಲೇ ನೀರು ಹಾಯಿಸಿ ಬಂದು ಸೆರಗು ಹಿಂಡುತ್ತ.

ಪಕ್ಕದ ಹೊಲದವನಿಗೂ ಮಾವನಿಗೂ ಬದುವಿನ ಜಗಳ. ಎರಡು ಹೊಲಗಳ ನಡುವಿನ ಆ ಮಣ್ಣಿನ ಏರಿಯನ್ನು ಅವನು ಒಂದು ವರ್ಷ ಗೇಣು ಈಚೆ ತಳ್ಳಿದರೆ ಮಾವ ಮರುವರ್ಷ ಗೇಣು ಆಚೆ ತಳ್ಳುತ್ತಿದ್ದ. "ಸ್ವಲ್ಪ ಆ ಕಡೆ ಸರಿ" ಎಂದು ಇವನು, "ನೀನೇ ಸರಿ" ಎಂದು ಅವನು. ಇಬ್ಬರ ಆಯಸ್ಸಿನಲ್ಲಿ ಒಂದು ಪಾಲು ಆ ಗೇಣಿನ ಮೇಲೆಯೇ ಕಳೆದಿತ್ತು.

ಹೀಗಿರುವಾಗ ಸರ್ಕಾರಕ್ಕೆ ಒಂದು ಯೋಜನೆ ಹೊಳೆಯಿತು. ದೂರದಿಂದ ಬರುವ ಲಾರಿಗಳು ನಿಂತು ಸುಧಾರಿಸಿಕೊಳ್ಳಲು ದೊಡ್ಡದೊಂದು ಅಂಗಳ ಬೇಕಂತೆ. ಮಾವ ಮಲಗುವ ಜಾಗದಲ್ಲಿ ಇನ್ನು ಮುಂದೆ ಲಾರಿಗಳು ಮಲಗುತ್ತವೆ ಎಂದು ತೀರ್ಮಾನವಾಯಿತು. ಹೊಲದವರ ಅಹವಾಲು ಕೇಳದೆ ಹೊಲ ತೆಗೆದುಕೊಳ್ಳಬಾರದು ಎಂದು ಕಾನೂನಿನಲ್ಲೇ ಇದೆ. ಅದಕ್ಕಾಗಿ ನೋಟಿಸನ್ನು ಕಚೇರಿಯಲ್ಲಿ ಅಂಟಿಸಿಯೂ ಇದ್ದರು, ಬಾಗಿಲಿನ ಹಿಂದಿನ ಗೋಡೆಗೆ. ಸರ್ಕಾರದ ಬಾಗಿಲು ಜನರಿಗೆ ಸದಾ ತೆರೆದಿರುತ್ತದೆ, ತೊಂದರೆಯಾದದ್ದೇ ಅದರಿಂದ. ತೆರೆದ ಬಾಗಿಲಿನ ಹಿಂದೆ ಏನಿದೆಯೆಂದು ಯಾರಿಗೂ ಕಾಣಲಿಲ್ಲ.

ಸುದ್ದಿ ಹೇಗೋ ಕಿವಿಗೆ ಬಿದ್ದ ಮೇಲೆ ಅತ್ತೆ ಮೇಲಿನ ಕಚೇರಿಗೆ ಹೋಗಿ ಕೂತಳು. "ಉಳೋದು ನಾವು, ಉಣ್ಣೋದು ನಾವು. ಕೊಡ್ತೀರಾ ಅಂತ ಒಂದು ಮಾತು ಕೇಳೋಕೆ ನಿಮಗೆ ಬಾಯಿ ಬರಲ್ವಾ?" ಅಂದಳು. ಅವರು ಒಪ್ಪಿದರು. ಜೋಳ ಕೊಯ್ಲಿಗೆ ಬರುವ ಹೊತ್ತಿಗೆ ವಿಚಾರಣೆ ಇಡುತ್ತೇವೆ, ಆದರೆ ಅಷ್ಟರೊಳಗೆ ಹೊಲ ಸ್ವಾಧೀನವಾಗಿಬಿಟ್ಟರೆ ಆಮೇಲೆ ಕೇಳಿ ಉಪಯೋಗವಿಲ್ಲ ಅಂದರು. ಅಂದರೆ ಅಲ್ಲಿಯವರೆಗೆ ಹೊಲ ಕೈಬಿಡದಂತೆ ನೋಡಿಕೊಳ್ಳುವುದು ನಮ್ಮ ಪಾಡು.

ಸ್ವಾಧೀನ ಪಡೆಯುವ ಅಧಿಕಾರಿ ಮೊದಲು ಬಂದದ್ದು ಪಕ್ಕದ ಹೊಲಕ್ಕೆ. ಬದುವಿನ ಜಗಳದವನು ಕೈಕಟ್ಟಿ ಅಡ್ಡ ನಿಂತ. ಅಡ್ಡಿ ಮಾಡಿದನೆಂದು ಪೊಲೀಸರು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಅವನು ಹೋದ ಮೇಲೆ ಹೊಲ ಖಾಲಿಯಾಯಿತು. ಖಾಲಿಯಾಗಿದೆ ಎಂದು ಬರೆದು ಸಹಿ ಹಾಕಿದರು. ನಾವು ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರುವವರು.

ಅಲ್ಲಿಂದ ಬದು ದಾಟಿ ಈಚೆ ಬಂದರೆ ಅತ್ತಿಮರದ ಕೆಳಗೆ ಮಾವ ಮಲಗಿದ್ದ.

ಅಧಿಕಾರಿ ತೆಳ್ಳಗಿನ ಮನುಷ್ಯ, ಕೊಡೆ ಹಿಡಿದೇ ಓಡಾಡುವವನು, ದನಿ ಎತ್ತದವನು. ಬಗ್ಗಿ ಮಾವನ ಭುಜ ಮುಟ್ಟಿದ. ಮಾವ ಕಣ್ಣು ಬಿಡದೆಯೇ, "ಸ್ವಲ್ಪ ಆ ಕಡೆ ಸರಿ" ಅಂದು, ಆ ಕೈಯನ್ನೇ ಎಳೆದು ಕೆನ್ನೆಯ ಕೆಳಗೆ ಇಟ್ಟುಕೊಂಡು ಮಗ್ಗುಲಾದ. ಮಾವನಿಗೆ ಇನ್ನೊಂದು ಮಗ್ಗುಲು ನೆನಪಾಗುವವರೆಗೂ ಅಧಿಕಾರಿ ಅಲ್ಲೇ ಕುಕ್ಕರಗಾಲಲ್ಲಿ ಕೂತಿರಬೇಕಾಯಿತು.

"ಎಬ್ಬಿಸಿ ಸ್ವಾಮಿ. ನಾನಂತೂ ಮದುವೆಯಾದಾಗಿಂದ ಪ್ರಯತ್ನ ಮಾಡ್ತಾ ಇದ್ದೀನಿ" ಅಂದಳು ಅತ್ತೆ.

"ಎದ್ದು ಅಡ್ಡ ನಿಂತವರ ಮೇಲೆ ಕೇಸು ಹಾಕಬಹುದಮ್ಮ. ಮಲಗಿದವರ ಮೇಲೆ ಏನಂತ ಬರೀಲಿ? ಖಾಲಿ ಅಂತ ಬರೆಯೋಕೂ ಆಗಲ್ಲ, ಮನುಷ್ಯ ಇದ್ದಾರೆ. ನಾನು ಸುಳ್ಳು ಬರೆಯೋನಲ್ಲ." ಜೋಮು ಹಿಡಿದ ಕೈ ಕೊಡವುತ್ತ ಅವನು ಹೊರಟ. ಹೋಗುವ ಮುಂಚೆ, "ನಾಟಕ ಅಂತ ಗೊತ್ತಾದ್ರೆ ಮಾತ್ರ ಅದೂ ಅಡ್ಡಿಯೇ" ಎಂದೂ ಹೇಳಿದ. "ಇನ್ನೊಂದು ಸಲ ಮಧ್ಯಾಹ್ನವೇ ಬರ್ತೀನಿ."

ಅಂದಿನಿಂದ ಮಾವನ ಭಾಗ್ಯವೇ ತಿರುಗಿತು. ಜನ್ಮವೆಲ್ಲ ನಿದ್ದೆಗಾಗಿ ಬೈಸಿಕೊಂಡವನಿಗೆ ಮನೆಯಲ್ಲಿ ಹತ್ತಿಯ ದಿಂಬು ಹೊಲಿದುಕೊಟ್ಟರು. ಮಧ್ಯಾಹ್ನವಾದರೆ ಬಾವಿಯ ರಾಟೆಗೆ ಎಣ್ಣೆ, ನಾಯಿಗೆ ಗದರಿಕೆ. "ಇವತ್ತಿಂದ ಮಲಗೋದೇ ನಿಮ್ಮ ಕೆಲಸ. ನಿಮ್ಮ ನಿದ್ದೇಲೇ ಇದೆ ನಮ್ಮ ಹೊಲ" ಅಂದಳು ಅತ್ತೆ.

ಕೆಲಸ ಅಂದದ್ದೇ ತಪ್ಪಾಯಿತು. ಮಾವನ ನಿದ್ದೆ ಹಾರಿಹೋಯಿತು.

ಅವನು ಚಾಪೆಯ ಮೇಲೆ ಕಣ್ಣು ಮುಚ್ಚಿ ಬಿದ್ದಿರುತ್ತಿದ್ದ. ಒಳಗೆ ಮಾತ್ರ ದೀಪ ಉರಿಯುತ್ತಲೇ ಇರುತ್ತಿತ್ತು. "ಹೊಲ ಬರೋದನ್ನೇ ಬಿಟ್ಟಿದೆ ಕಣೇ" ಎಂದ ಒಂದು ದಿನ. "ಬಾಗಿಲ ತನಕ ಬರುತ್ತೆ, ನನ್ನ ಮುಖ ನೋಡಿ ವಾಪಸ್ ಹೋಗುತ್ತೆ." ಅತ್ತೆ ಆ ದಿನ ಅವನನ್ನು ಗೇಲಿ ಮಾಡಲಿಲ್ಲ. ಅವಳಿಗೆ ಹೆದರಿಕೆಯಾದದ್ದು ಆಗ.

ಅವಳಿಗೆ ನನ್ನ ನೆನಪಾದದ್ದೂ ಆಗಲೇ. "ಪತ್ರಿಕೇಲಿ ಏನೋ ಹಾಸ್ಯ ಬರೀತೀಯಲ್ಲ, ಅದನ್ನೆಲ್ಲ ಕಟ್ಟಿಕೊಂಡು ಬಾ" ಎಂದು ಫೋನ್ ಮಾಡಿದಳು. ನಾನು ಉಬ್ಬಿಹೋದೆ. ಈ ವಯಸ್ಸಿನಲ್ಲಿ ಮನೆಯವರಿಂದಲೇ ಮನ್ನಣೆ. ಹೋದ ಮೇಲೆ ವಿಷಯ ಗೊತ್ತಾಯಿತು. "ಹೋದ ಸಲ ನೀನು ಓದಿದಾಗ ಮನೆಮಂದಿಯೆಲ್ಲ ಮಲಗಿದ್ವಲ್ಲ, ಹಾಗೇ ಓದು. ನಿಧಾನಕ್ಕೆ."

ಅಂದು ಗಾಳಿಯೂ ತೂಕಡಿಸುತ್ತಿತ್ತು. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಮಾವನ ಹೊಟ್ಟೆಯ ಮೇಲೆ ಏರಿ ಇಳಿಯುತ್ತಿದ್ದವು. ತೆನೆ ಬಲಿತ ಜೋಳದ ದಂಟುಗಳು ಒಂದಕ್ಕೊಂದು ಒರಗಿಕೊಂಡು ಯಾರದೋ ಗುಟ್ಟು ಹೇಳಿಕೊಳ್ಳುತ್ತಿದ್ದವು. ಎಲ್ಲೋ ಒಂದು ಹಕ್ಕಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿ, ಉತ್ತರಕ್ಕೆ ಕಾಯದೆ ಸುಮ್ಮನಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಬಾವಿ ಎದ್ದು ನಡೆದುಬಂದರೆ ನಾನೂ ಪಕ್ಕಕ್ಕೆ ಸರಿದು ಜಾಗ ಕೊಡುತ್ತಿದ್ದೆ. ಓದತೊಡಗಿದೆ. ಮೊದಲ ಪುಟ ಮುಗಿಯುವುದರೊಳಗೆ ಬದುವಿನ ಮೇಲೆ ಕೊಡೆ ಕಾಣಿಸಿತು.

ಅಧಿಕಾರಿ ಬಂದು ಮಾವನನ್ನೇ ನೋಡುತ್ತ ನಿಂತ. "ಕಣ್ಣಿನ ರೆಪ್ಪೆ ಆಡ್ತಾ ಇದೆಯಲ್ಲ?"

"ಕನಸು" ಅಂದೆ.

"ನೀವು ಓದ್ತಾ ಇರೋದು ಏನು?"

"ಹಾಸ್ಯ. ನನ್ನದೇ."

ಅವನು ಕೊಡೆ ಮಡಿಸಿ ಚಾಪೆಯ ಅಂಚಿನಲ್ಲಿ ಕೂತ. "ಒಳ್ಳೇದೇ ಆಯ್ತು, ಓದಿ. ಎಚ್ಚರ ಇದ್ದವರು ನಗು ತಡ್ಕೊಳ್ಳೋಕಾಗಲ್ಲ. ನಕ್ಕರೆ ಗೊತ್ತಾಗುತ್ತೆ."

ಹಾಸ್ಯ ಬರೆಯುವವನಿಗೆ ಇಂಥ ಸಂಕಟ ಬರಬಾರದು. ಇಷ್ಟು ವರ್ಷ ಯಾರಾದರೂ ನಗಲಪ್ಪಾ ಎಂದು ಹಂಬಲಿಸಿದವನು, ಅಂದು ಮೊದಲ ಸಲ, ದಯವಿಟ್ಟು ನಗಬೇಡ ಮಾವ ಎಂದು ಬೇಡಿಕೊಂಡೆ. ದೂರದಲ್ಲಿ ಹುಲ್ಲು ಕೊಯ್ಯುತ್ತಿದ್ದ ಅತ್ತೆಯ ಕುಡುಗೋಲಿನ ಸದ್ದು ನಿಂತುಹೋಗಿತ್ತು. ನನ್ನ ಅತ್ಯುತ್ತಮ ಪ್ಯಾರಾ ಬಂತು. ಅದನ್ನು ಬರೆಯುವಾಗ ನಾನೇ ಬಿದ್ದು ಬಿದ್ದು ನಕ್ಕಿದ್ದೆ. ನಿಧಾನಕ್ಕೆ ಓದಿದೆ.

ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತಾನು ಪೂರ್ತಿ ಎಚ್ಚರವಾಗಿದ್ದೆ ಎಂದು ಆಮೇಲೆ ಆಣೆ ಮಾಡಿ ಹೇಳಿದ. "ತುಂಬ ತಡ್ಕೊಂಡ್ಯಾ ಮಾವ?" ಎಂದು ಆಸೆಯಿಂದ ಕೇಳಿದ್ದಕ್ಕೆ, "ಏನನ್ನ?" ಅಂದ. ನನ್ನ ಬರವಣಿಗೆಯಿಂದ ಒಂದು ಸಂಸಾರಕ್ಕೆ ಉಪಕಾರವಾದದ್ದು ಅದೊಂದೇ ಸಲ.

ಅಧಿಕಾರಿಯೂ ನಗಲಿಲ್ಲ. ಪುಟ ತಿರುಗಿಸುವಾಗ ನೋಡಿದರೆ ಅವನ ತಲೆ ಅತ್ತಿಮರಕ್ಕೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಊರೂರು ತಿರುಗಿ ಹೊಲಗಳನ್ನು ಖಾಲಿ ಮಾಡಿಸುವವನಿಗೆ ನಿದ್ದೆ ಎಲ್ಲಿಂದ ಬರಬೇಕು. ಎಷ್ಟು ದಿನದ ಬಾಕಿಯೋ, ಎಲ್ಲವೂ ಅಲ್ಲಿ ತೀರುತ್ತಿತ್ತು. ಅತ್ತೆ ಬಂದು ನೋಡಿದಳು, ಹತ್ತಿಯ ದಿಂಬನ್ನು ಮಾವನ ತಲೆಯ ಕೆಳಗಿನಿಂದ ಎಳೆದು ಅಧಿಕಾರಿಯ ಕತ್ತಿನ ಹಿಂದೆ ಇಟ್ಟಳು.

ನೆರಳು ಬಾವಿಯ ಆಚೆಗೆ ಹೋದಾಗ ಅವನಿಗೆ ಎಚ್ಚರವಾಯಿತು. ಮಾವ ಹಾಗೇ ಕಣ್ಣು ಮುಚ್ಚಿಕೊಂಡಿದ್ದ. ಅಧಿಕಾರಿ ದಿಂಬನ್ನು ತಟ್ಟಿ ಸರಿಮಾಡಿ ಅತ್ತೆಗೆ ಕೊಟ್ಟ. ಜೇಬಿನಿಂದ ಪೆನ್ನು ತೆಗೆದು, ಬರೆದದ್ದನ್ನು ನಮಗೆ ಓದಿ ಹೇಳಿದ: "ಸ್ಥಳದಲ್ಲಿ ವ್ಯಕ್ತಿಯೊಬ್ಬರು ಗಾಢನಿದ್ರೆಯಲ್ಲಿದ್ದ ಕಾರಣ ಜಮೀನು ಖಾಲಿ ಇದೆಯೆಂದು ದೃಢೀಕರಿಸಲಾಗಲಿಲ್ಲ."

ಯಾವ ವ್ಯಕ್ತಿ ಎಂದು ಅವನು ಬರೆಯಲಿಲ್ಲ. ಸುಳ್ಳು ಬರೆಯುವವನಲ್ಲವಲ್ಲ.

ನೋಟಿಸು ಅಂಟಿಸಿದ್ದ ಕಚೇರಿಯಲ್ಲೇ ನಡೆದ ವಿಚಾರಣೆಯಲ್ಲಿ ಅತ್ತೆ ತನ್ನ ಮಾತನ್ನು ತಾನೇ ಹೇಳಿದಳು. ಬಾಗಿಲಿನ ಹಿಂದಿನ ಗೋಡೆಯ ವಿಷಯ ಬಂದಾಗ ಮೇಲಿನವರು ಎದ್ದು ಹೋಗಿ ಬಾಗಿಲು ಸರಿಸಿ ನೋಡಿದರು. ಹೊಲವನ್ನು ಯೋಜನೆಯಿಂದ ಬಿಟ್ಟರು. ಬೇಕಾದರೆ ಮೊದಲಿನಿಂದ ಕೇಳಿಕೊಂಡೇ ಬರಬೇಕು ಅಂದರು. ಅಷ್ಟು ಹೊತ್ತಿಗೆ ಬೆಂಚಿನ ಮೇಲಿಂದ ಗೊರಕೆ ಕೇಳಿಸಿತು. ಅತ್ತೆ ಕಣ್ಣೊರೆಸಿಕೊಂಡದ್ದು ತೀರ್ಪಿಗಲ್ಲ, ಆ ಗೊರಕೆಗೆ.

ಪಕ್ಕದ ಹೊಲ ಮಾತ್ರ ಹಿಂದೆ ಬರಲಿಲ್ಲ. ಅಲ್ಲಿ ಈಗ ಲಾರಿಗಳು ಮಲಗುತ್ತವೆ. ಬದು ಇದ್ದಲ್ಲಿ ತಂತಿಬೇಲಿ ಬಂದಿದೆ, ಅದನ್ನು ಗೇಣೂ ತಳ್ಳಲಾಗುವುದಿಲ್ಲ. ಜಗಳಕ್ಕೆ ನೆಲವೇ ಇಲ್ಲದ ಆ ಮನುಷ್ಯ ಕೆಲವು ದಿನ ಬೇಲಿಯ ಪಕ್ಕ ಸುಮ್ಮನೆ ನಿಂತು ಹೋಗುತ್ತಿದ್ದ. ಹೋದ ಸಲ ನಾನು ಹೋದಾಗ, ಮಧ್ಯಾಹ್ನ, ಅವನು ಅತ್ತಿಮರದ ಕೆಳಗೆ ಬಂದ. ಚಾಪೆಯ ತುಂಬ ಮಾವ ಹರಡಿಕೊಂಡಿದ್ದ.

"ಸ್ವಲ್ಪ ಆ ಕಡೆ ಸರಿ" ಅಂದ ಅವನು.

ಬದುವಿನ ವಿಷಯದಲ್ಲಿ ಎಂದೂ ಜಗ್ಗದ ಮಾವ, ಕಣ್ಣು ಬಿಡದೆಯೇ, ಸರಿದ.